ನಲವತ್ತನಾಲ್ಕು ಬಕೆಟ್ ನೀರು

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಇಲಿಂಕಾ ಎರಡು ಲೋಟ ಕಾಫಿ ಮಾಡಿದಳು. ಒಂದನ್ನು ಕುಡಿದಳು. ಇನ್ನೊಂದನ್ನು ಏನು ಮಾಡುವುದೆಂದು ನೋಡುತ್ತ ನಿಂತಿದ್ದಾಗ ಪಕ್ಕದ ಮನೆಯ ಪರಸ್ಕೀವಾ ಬೇಲಿಯ ಮೇಲಿಂದ ತಲೆ ಹಾಕಿದಳು.

"ನೀರು ಹೊರೋದು ಯಾವಾಗ, ತಾಯಿ? ನಿನ್ನೆ ಅಳಲೂ ಇಲ್ಲ. ಇದಾದ್ರೂ ಮಾಡು."

ಓಲ್ತೇನಿಯಾ ಸೀಮೆಯ ಆ ಹಳ್ಳಿಯಲ್ಲಿ ಸತ್ತವನ ಹೆಸರಿನಲ್ಲಿ ಬಡವರ ಮನೆಗೆ ನಲವತ್ತನಾಲ್ಕು ಬಕೆಟ್ ನೀರು ಹೊತ್ತು ಹಾಕಬೇಕು. ಇಲ್ಲದಿದ್ದರೆ ಅವನಿಗೆ ಅಲ್ಲಿ ಬಾಯಾರಿಕೆ. ಇಲಿಂಕಾ ಇಂಥದ್ದನ್ನು ನಂಬುವವಳಲ್ಲ. ಆದರೆ ಗಂಡ ತುದೋರ್ ಆಸ್ಪತ್ರೆಯಲ್ಲಿ ಕೊನೆಗೆ ಕೇಳಿದ್ದು ನೀರು. ಡಾಕ್ಟರು ಬೇಡವೆಂದಿದ್ದರು. ಅವಳು ಕೊಟ್ಟಿರಲಿಲ್ಲ.

ಹೇಗೆ ಹೊರಬೇಕೆಂಬುದರಲ್ಲಿ ಓಣಿಯ ಹೆಂಗಸರು ಒಂದಾಗಲಿಲ್ಲ. ಎಡಗೈ ಎಂದಳೊಬ್ಬಳು, ಬಲಗೈ ಎಂದಳಿನ್ನೊಬ್ಬಳು. ಕೊನೆಗೆ ಪರಸ್ಕೀವಾ ತೀರ್ಪು ಕೊಟ್ಟಳು: "ಮೂರು ವರ್ಷ ನಮ್ಮ ಮನೆಮನೇಲಿ ಕೂತು ಬರ್ಕೊಂಡ್ನಲ್ಲ ನಿನ್ನ ಗಂಡ, ಆ ಪುಸ್ತಕ ತೆಗೆದು ನೋಡು. ನಮ್ಮ ಪದ್ಧತಿ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು."

ಜನರ ನಡುವೆ ಬದುಕಿ ಅವರ ನಡವಳಿಕೆ ದಾಖಲಿಸುವುದೇ ತುದೋರನ ಕೆಲಸ. ಕಂಡದ್ದನ್ನು ಬರೆ, ನಿನ್ನದೇನೂ ಸೇರಿಸಬೇಡ ಎನ್ನುತ್ತಿದ್ದ. ಪುಸ್ತಕದಲ್ಲಿ ಹೀಗಿತ್ತು: 'ವಿಧವೆ ಸತ್ತ ಗಂಡನ ಬೂಟು ತೊಟ್ಟು ನೀರು ಹೊರುತ್ತಾಳೆ. ಮುಗಿಯುವ ಮುನ್ನ ಕೊಡುವವಳಾಗಲಿ ತೆಗೆದುಕೊಳ್ಳುವವಳಾಗಲಿ ಮಾತಾಡಿದರೆ ಮತ್ತೆ ಒಂದರಿಂದ ಶುರು. ಕಣ್ಣಾರೆ ಕಂಡದ್ದು, ಸಾವೆತಾಳ ಅಂಗಳದಲ್ಲಿ.'

ಅವನ ಮೇಜಿನ ಕೆಳಗೆ ಕೆಸರು ಮೆತ್ತಿದ ಬೂಟುಗಳಿದ್ದವು. ತೊಟ್ಟಳು. ಒಂದೊಂದರಲ್ಲಿ ಒಂದು ಬೆಕ್ಕು ಸಂಸಾರ ಹೂಡಬಹುದಿತ್ತು.

ಓಣಿಯ ಕೊನೆಯ ಬಡಮನೆ ಸಾವೆತಾಳದೇ. ಮೊದಲ ಬಕೆಟ್ ಇಳಿಸುವಾಗ ಮುದುಕಿ ಬಾಯಿ ತೆರೆದಳು, ತಕ್ಷಣ ಕೈಯಿಂದ ಮುಚ್ಚಿಕೊಂಡಳು. ಬೂಟಿನ ಕಡೆ ಬೆರಳು ತೋರಿಸಿದಳು. ಹೌದು, ಮರೆತಿಲ್ಲ ಎಂದು ಇಲಿಂಕಾ ತಲೆಯಾಡಿಸಿದಳು. ಹತ್ತನೆಯದಕ್ಕೆ ಮುದುಕಿ ಬಗ್ಗಿ ಬೂಟಿನ ತುದಿ ಹಿಡಿದೆಳೆದಳು. ಇಲಿಂಕಾ ದಾರವನ್ನು ಇನ್ನಷ್ಟು ಬಿಗಿದಳು. ಇಪ್ಪತ್ತಮೂರನೆಯದಕ್ಕೆ ಬಕೆಟ್ ಸಮೇತ ಕೆಸರಿಗೆ ಬಿದ್ದಳು. ಗೇಟುಗಳಲ್ಲಿ ನಿಂತವರು ನಗಲಾರದೆ ಶಿಲುಬೆಯ ಗುರುತು ಹಾಕಿಕೊಂಡರು. ಕಾಲಲ್ಲಿ ಬೊಬ್ಬೆ ಎದ್ದು ಒಡೆಯಿತು.

ಸಂಜೆಗೆ ಲೆಕ್ಕದ ಕೋಲಿನ ಮೇಲೆ ನಲವತ್ತನಾಲ್ಕನೇ ಗೀರು ಬಿತ್ತು. ಸಾವೆತಾ ಅಂಗೈಯಿಂದ ಬಾಯಿ ಬಿಡಿಸಿಕೊಂಡಳು.

"ಅದು ನನ್ನ ಗಂಡ ಮಿತ್ರೂನ ಬೂಟು, ಮಗಳೇ. ನಿನ್ನ ಗಂಡ ಚಿತ್ರ ಬರೀತೀನಿ ಅಂತ ಇಸ್ಕೊಂಡು ಹೋದೋನು. ಬೆಳಿಗ್ಗೇನೇ ಹೇಳಬೇಕಂತಿದ್ದೆ. ಮಾತಾಡಿದ್ರೆ ಮತ್ತೆ ಮೊದಲಿಂದ ಹೊರಬೇಕಾಗುತ್ತಲ್ಲ ಅಂತ ನುಂಗ್ಕೊಂಡೆ."

ಇಲಿಂಕಾ ಬಕೆಟ್ ಕೆಳಗಿಟ್ಟಳು. ಆಮೇಲೆ ಗಂಡನ ಬೂಟು ತೊಡುವ ಪದ್ಧತಿಯ ಬಗ್ಗೆ ಕೇಳಿದಳು.

"ಎಂಥ ಪದ್ಧತಿ? ಅವತ್ತು ನನ್ನ ಚಪ್ಪಲಿ ಹರಿದಿತ್ತು, ಮಿತ್ರೂನ ಬೂಟು ಹಾಕ್ಕೊಂಡೆ. ನಿನ್ನ ಗಂಡ ಪೆನ್ನು ಹಿಡ್ಕೊಂಡು ಯಾಕೆ ಯಾಕೆ ಅಂತ ನಿಂತಿದ್ದ. ಓದಿದೋನ ಮುಂದೆ ಬೇರೆ ಚಪ್ಪಲಿ ಇಲ್ಲ ಅನ್ನೋಕೆ ನಾಚಿಕೆ ಆಗಲ್ವ? ಪದ್ಧತಿ ಅಂದುಬಿಟ್ಟೆ."

ಗೇಟಿನಲ್ಲಿದ್ದ ಪರಸ್ಕೀವಾ ಒಪ್ಪಲಿಲ್ಲ. "ಪುಸ್ತಕದಲ್ಲಿ ಬಂದ ಮೇಲೆ ಪದ್ಧತೀನೇ. ಬೂಟು ಯಾರದೋ ನೀರು ಅವರಿಗೆ. ಎಲ್ಲ ಮಿತ್ರೂಗೇ ಹೋಯ್ತು."

"ಅವನೇನು ಮಾಡ್ತಾನೆ ಅಷ್ಟು ನೀರನ್ನ," ಎಂದಳು ಸಾವೆತಾ. "ಬದುಕಿದ್ದಾಗ ಬ್ರಾಂಡಿ ಬಿಟ್ಟು ಬೇರೇನೂ ಮುಟ್ಟಿದೋನಲ್ಲ."

ಇಲಿಂಕಾ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು. ಕಪ್ಪು ಲಂಗದ ಅಂಚಿನಿಂದ ಕೆಸರು ಒರೆಸಿ ಮುದುಕಿಯ ಕೈಗೆ ಕೊಟ್ಟಳು. "ತುದೋರ್ ಇಸ್ಕೊಂಡಿದ್ದು," ಎಂದಳು. ಖಾಲಿ ಬಕೆಟ್ ಎತ್ತಿಕೊಂಡು ಬರಿಗಾಲಲ್ಲಿ ಮತ್ತೆ ಮೊದಲನೆಯದಕ್ಕೆ ಬಾವಿಯ ಕಡೆ ತಿರುಗಿದಳು.