ಮಾವನ ಕೋವಿಗೊಂದು ಕುದುರೆ

ನಮ್ಮ ಸೋದರಮಾವ ಕೋವಿ ಕಟ್ಟಿದ್ದು ಕಾಡುಹಂದಿ ಹೊಡೆಯುವುದಕ್ಕೆ ಅಂತ ಕಂಪಲಾಪುರದ ಟೀ ಅಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು! ಪಕ್ಕದ ಹೊಲದವನ ಮೇಲಿನ ಹಳೇ ಹಗೆಗೆ ಅನ್ನುವವರೂ ಇದ್ದಾರೆ. ಅದು ಇನ್ನೂ ದೊಡ್ಡ ಸುಳ್ಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವೇದಿಕೆ ಸವೆಸಿದವಳು ನಾನು, ಸಾಕ್ಷ್ಯವಿಲ್ಲದೆ ಬಾಯಿ ಬಿಡುವುದಿಲ್ಲ. ಸಾಕ್ಷ್ಯ ಇಷ್ಟೇ: ಆ ಕೋವಿಯ ನಳಿಗೆಯ ತುಂಬ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ತುಂಬಿದವನು ಸ್ವತಃ ಮಾವನೇ. ಹೇಳಿ, ಹಂದಿ ಹೊಡೆಯುವವನು ಯಾವನಾದರೂ ಕೋವಿಗೆ ಕಾಂಕ್ರೀಟ್ ಹಾಕುತ್ತಾನೆಯೇ?

ಮಾವನಿಗೆ ಪಿರಿಯಾಪಟ್ಟಣದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಬೆಳಗ್ಗೆ ಹೋದರೆ ಕೊನೇ ಬಸ್ಸಿಗೆ ಊರು. ಕಳೆದ ವರ್ಷ ಪರೀಕ್ಷೆಗೆ ಓದಿಕೊಳ್ಳಲು ನಾನು ಅವನ ಮನೆಯಲ್ಲಿದ್ದಾಗ ಈ ಹುಚ್ಚು ಶುರುವಾಯಿತು. ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ, ಕಂಡ ಕಂಡ ಊರಿನ ಗುಜರಿ ಸುತ್ತಿ, ಚೀಲ ತುಂಬ ಕಬ್ಬಿಣ ತಂದು, ಹಿತ್ತಿಲಲ್ಲಿ ಕೂತು ಕತ್ತಲಾಗುವವರೆಗೆ ಅರ ಹಿಡಿದು ಉಜ್ಜುತ್ತಿದ್ದ. ಹೀಗೆ ಮೂರು ತಿಂಗಳು!

ಮೊದಲು ನಳಿಗೆ. ಹುಣಸೂರಿನ ಹಾರ್ಡ್‌ವೇರ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಅಲ್ಲಿ ಪೈಪುಗಳ ಮುಂದೆ ನಿಂತು ಕಣ್ಣು ಮುಚ್ಚಿ ಒಂದೊಂದನ್ನೇ ತಡವತೊಡಗಿದ. ದನದ ಮೈ ಸವರುವವರ ಹಾಗೆ!

"ಯಾಕಣ್ಣ, ಕಣ್ಗೇನಾರ ಬಿತ್ತಾ?" ಅಂದ ಅಂಗಡಿಯವನು.

"ಪೈಪ್ ನೋಡ್ತಾ ಇವ್ನಿ."

"ಕಣ್ ಮುಚ್ಕಂಡಾ?"

"ಕಣ್ ಬುಟ್ರೆ ಎಲ್ಲಾ ಪೈಪೂ ಒಂದೇ ತರ ಕಾಣ್ತವೆ ಕಣಪ್ಪ."

ನಾನು ಮೊಳೆಗಳ ಡಬ್ಬಿಯತ್ತ ತಿರುಗಿ, ಈ ಮನುಷ್ಯ ನನಗೆ ಯಾರೋ ಏನೋ ಎಂಬಂತೆ ನಿಂತೆ.

ಆಮೇಲೆ ಮರದ ಹಿಡಿ. ಬೀಟೆ ಮರವೇ ಆಗಬೇಕಂತೆ. ಮನೆಯಲ್ಲಿ ಬೀಟೆ ಅಂತ ಇದ್ದದ್ದು ಅತ್ತೆಯ ತವರಿನಿಂದ ಬಂದ ಮಂಚ ಒಂದೇ. ಅತ್ತೆ ಸಂತೆಯಿಂದ ಬರುವಷ್ಟರಲ್ಲಿ ಅದರ ಒಂದು ಕಾಲು ಮಾಯ.

"ನಮ್ಮಪ್ಪ ಮಾಡ್ಸಿದ್ ಮಂಚ ಕಣ್ರೀ ಅದು!"

"ಇನ್ನೂ ಮೂರ್ ಕಾಲು ಅವಲ್ಲ, ಬುಡು."

ನಾಲ್ಕನೆಯದರ ಜಾಗಕ್ಕೆ ಇಟ್ಟಿಗೆ ಬಂತು. ಅವತ್ತಿನಿಂದ ಇಟ್ಟಿಗೆಯ ಕಡೆ ಮಲಗುವ ಶಿಕ್ಷೆ ಮಾವನಿಗೆ.

ದೊಡ್ಡ ಫಜೀತಿಯಾದದ್ದು ಕುದುರೆಯದು. ಕೋವಿಯಲ್ಲಿ ಬೆರಳಿಂದ ಹಿಂದಕ್ಕೆಳೆಯುವ ಬಾಗಿದ ಕೊಕ್ಕೆ ಇರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಕುದುರೆ ಅನ್ನುತ್ತಾರೆ. ಮಾವ ಕೆ.ಆರ್. ನಗರದ ಗುಜರಿ ಅಂಗಡಿಯಲ್ಲಿ ಹಿಂದುಮುಂದಿಲ್ಲದೆ "ಒಂದು ಹಳೇ ಕುದುರೆ ಐತಾ?" ಅಂದ.

"ಇಲ್ಲಿ ಎಮ್ಮೆನೂ ಇಲ್ಲ. ಮೈಸೂರಿಗೋಗಿ, ಅರಮನೆ ತಾವ ಟಾಂಗಾದವ್ರನ್ನ ಕೇಳಿ."

"ಮರದ್ ಹಿಡಿ ಮೇಲೆ ಕೂರ್ಸಕೆ ಕಣಯ್ಯ!"

"ಹಿಡಿ ಮೇಲಾ? ಎಷ್ಟಪ್ಪ ಇರ್ಬೋದು ಆ ಕುದ್ರೆ!"

ಕೊನೆಗೆ ಯಾವುದೋ ಹಳೇ ಬಾಗಿಲ ಚಿಲಕವೊಂದು ಕುದುರೆಯಾಗಲು ಒಪ್ಪಿತು. ಅದನ್ನು ಉಜ್ಜಿ ಬಾಗಿಸುವಾಗ ಮಾವನ ಹೆಬ್ಬೆರಳು ಎರಡು ಸಲ ಕುಯ್ದುಕೊಂಡಿತು.

ಸುದ್ದಿ ಹಬ್ಬದೇ ಇರುತ್ತದೆಯೇ? ಒಂದು ದಿನ ಪೊಲೀಸಪ್ಪ ಬೈಕಿನಲ್ಲಿ ಬಂದ. ನಳಿಗೆಯೊಳಗೆ ಇಣುಕಿ ನೋಡಿದ, ಕಡ್ಡಿ ಹಾಕಿ ಕುಟ್ಟಿದ, ಎರಡೂ ಕೈಯಲ್ಲಿ ಎತ್ತಿ "ಉಫ್" ಅಂದ.

"ಇದ್ರಲ್ಲಿ ಗುಂಡು ಹೊಡ್ಯಕಾಗಲ್ಲ ಕಣ್ರೀ. ಕಾಲ್ ಮೇಲೆ ಬಿದ್ರೆ ಮಾತ್ರ ಕೇಸಾಯ್ತದೆ," ಎಂದು ಅತ್ತೆ ಕೊಟ್ಟ ಕಾಫಿ ಕುಡಿದು ಹೊರಟುಹೋದ.

ಅವತ್ತು ನಾನು ಮಾವನನ್ನು ಕಟಕಟೆಗೆ ನಿಲ್ಲಿಸಿದೆ. "ನಿಜ ಹೇಳು ಮಾವ, ಯಾಕಿದು?"

ಮಾವ ಪಡಸಾಲೆಯ ಕಡೆ ತಲೆ ಆಡಿಸಿದ. ಅಲ್ಲಿ ಮಂಚದ ಮೇಲೆ ಅಜ್ಜಿ ಕೂತಿದ್ದಳು, ಮಾವನ ಅವ್ವ. ಕಣ್ಣು ಪೂರ್ತಿ ಹೋಗಿದೆ, ನೆನಪು ನೆಂಟರ ಹಾಗೆ ಬಂದು ಹೋಗಿ ಮಾಡುತ್ತದೆ. ಅವಳ ಮಂಚದ ಪಕ್ಕದ ಮೂಲೆಯಲ್ಲಿ ಒಂದು ಕಾಲದಲ್ಲಿ ತಾತನ ಕೋವಿ ಒರಗಿರುತ್ತಿತ್ತು. ಹೊಲ ಕಾಯಲು ಹೋದ ತಾತ ಹಿಂತಿರುಗಿದರೆ ಕೋವಿ ಮೂಲೆಗೆ ಬರುತ್ತಿತ್ತು. ಅಜ್ಜಿ ಅದನ್ನೊಮ್ಮೆ ಮುಟ್ಟಿ ಊಟಕ್ಕೆ ಏಳುತ್ತಿದ್ದಳು. ತಾತ ತೀರಿಕೊಂಡ ಮೇಲೆ, ಲೈಸೆನ್ಸು ಅವರ ಹೆಸರಲ್ಲಿದ್ದದ್ದರಿಂದ, ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಈ ಹುಚ್ಚು ಶುರುವಾಗುವ ಮುಂಚೆ ಅಜ್ಜಿ ದಿನಾ ಸಂಜೆ ಆ ಮೂಲೆಗೆ ಕೈ ಚಾಚುತ್ತಿದ್ದಳು, ಬರೀ ಗೋಡೆ ಸಿಗುತ್ತಿತ್ತು. "ಇನ್ನೂ ಬಂದಿಲ್ವಾ?" ಅನ್ನುತ್ತಿದ್ದಳು. ತಟ್ಟೆ ಸರಿಸುತ್ತಿದ್ದಳು. "ಬರ್ಲಿ, ಆಮೇಲ್ ಉಣ್ತೀನಿ." ಹೀಗೆ ಉಪವಾಸ ಮಲಗಿ ಮಲಗಿ ಮೈಯಲ್ಲಿ ಮೂಳೆ ಮಾತ್ರ ಉಳಿದಿತ್ತು.

ಹಾಗಾದರೆ ಕಣ್ಣು ಮುಚ್ಚಿ ಪೈಪು ತಡವಿದ್ದು, ತೂಕ ಸಾಲದೆಂದು ಸಿಮೆಂಟು ಸುರಿದದ್ದು, ಬೀಟೆಯ ನುಣುಪಿಗೆ ಮಂಚ ಕೊಯ್ದದ್ದು, ಎಲ್ಲವೂ ಅಜ್ಜಿಯ ಅಂಗೈಗಾಗಿ! ನೋಡುವವರಿಗೆ ಕೋವಿ ಅಲ್ಲದ ಕೋವಿ, ಮುಟ್ಟುವವಳಿಗೆ ಮಾತ್ರ ಕೋವಿ.

ನಾನು ಬಿಡುತ್ತೇನೆಯೇ? "ಸತ್ತವರು ಬಂದವ್ರೆ ಅಂತ ನಂಬಿಸೋದು ಮೋಸ ಅಲ್ವಾ ಮಾವ?"

"ನೀನು ಕಾಲೇಜಲ್ ಗೆದ್ಕ ಹೋಗು. ಇಲ್ಲಿ ನಮ್ಮವ್ವ ಉಣ್ಬೇಕು, ಅಷ್ಟೇಯ."

"ಈಗ ಉಣ್ತಾವಳಲ್ಲ?"

"ಕೋವಿ ರಿಪೇರಿಗೆ ಬಂದೈತೆ ಅಂದಿವ್ನಿ. ಅರದ ಸದ್ದು ಕೇಳ್ಕಂಡು ಧೈರ್ಯವಾಗಿ ಉಣ್ತದೆ. ರಿಪೇರಿ ಅಂತ ಎಷ್ಟ್ ದಿನ ಅನ್ನಕಾಯ್ತದೆ?"

ಕೋವಿ ಮುಗಿದ ಸಂಜೆ ಮಾವ ಅದನ್ನು ಮೂಲೆಗೆ ಒರಗಿಸಿ, ಬಿದ್ದೀತೆಂದು ಹಿಡಿದುಕೊಂಡೇ ನಿಂತ. ಅಜ್ಜಿ ಕೈ ಚಾಚಿದಳು. ನಳಿಗೆ ಸವರಿದಳು, ಬೀಟೆ ಸವರಿದಳು. ಬೆರಳು ಕುದುರೆಯ ಮೇಲೆ ಬಂದು ಸ್ವಲ್ಪ ಹೊತ್ತು ನಿಂತಿತು. ಅಲ್ಲಿಂದ ಮಾವನ ಕೈಗೆ ಹೋಯಿತು, ಹೆಬ್ಬೆರಳಿನ ಗಾಯದ ಪಟ್ಟಿಗೆ ಹೋಯಿತು. "ಮುದ್ದೆ ತಗಂಬಾ ಕಣವ್ವ," ಅಂದಳು ಅತ್ತೆಗೆ. ಒಂದಿಡೀ ಮುದ್ದೆ ಉಂಡಳು. ಮಾವ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಜೀವನದಲ್ಲಿ ಮೊದಲ ಸಲ ನಾನೂ ಸೋಲೊಪ್ಪಿಕೊಂಡೆ.

ಮಾರನೆಯ ದಿನ ಮಾವ ಅಂಗಡಿಗೆ ಹೋದ. ಮೂರು ತಿಂಗಳ ಮೋಟಾರುಗಳು ಬಾಗಿಲವರೆಗೆ ಪೇರಿಸಿಕೊಂಡಿದ್ದವಂತೆ. ಸಂಜೆ ನಾನೇ ತಟ್ಟೆ ಹಿಡಿದು ಅಜ್ಜಿಯ ಹತ್ತಿರ ಕೂತೆ. ಅವಳ ಕೈ ಕೋವಿಯ ಮೇಲಿತ್ತು. ಅವಳು ಬಾಗಿ ನನ್ನ ಕಿವಿಯಲ್ಲಿ ಅಂದಳು:

"ನಿಮ್ಮಾವಂಗೆ ಹೇಳ್ಬೇಡ ಕಣವ್ವ. ನಿಮ್ ತಾತನ್ ಕೋವೀಲಿ ಕುದ್ರೆ ಎಲ್ಲಿತ್ತು? ನಿಮ್ಮವ್ವ ಹುಟ್ಟೋಕ್ ಮುಂಚೇನೇ ಮುರ್ದೋಗಿತ್ತು, ಯಾರ್ಗೂ ಗೊತ್ತಾಗ್ದಂಗೆ ಅಲ್ಲಿಗೆ ಬಟ್ಟೆ ಸುತ್ತಿದ್ರು. ಹಂದಿ ಎದುರ್ಕಳ್ಲಿ ಅಂತ ಸುಮ್ನೆ ಎಗಲ್ ಮೇಲ್ ಮಡಿಕಂಡು ತಿರುಗ್ತಿದ್ರು."

ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಹಾಗಾದರೆ ಮೊದಲ ಸಲ ಸವರಿದಾಗಲೇ ಅವಳಿಗೆ ಗೊತ್ತಾಗಿತ್ತು!

ನಕ್ಕು ಮುಗಿಸಿ, ಕೈಯನ್ನು ಕೋವಿಯ ಮೇಲೇ ಇಟ್ಟುಕೊಂಡು, ಬಸ್ಸು ಬರುವ ರಸ್ತೆಯ ಕಡೆಗೆ ಕಿವಿ ತಿರುಗಿಸಿದಳು.

"ಇನ್ನೂ ಬಂದಿಲ್ವಾ?"

ತಟ್ಟೆ ಸರಿಸಿದಳು.

ಚರ್ಚೆಯ ಮೊದಲ ಪಾಠವೇ ವಿಷಯದ ಪದಗಳನ್ನು ಬಿಡಿಸಿ ಕೇಳುವುದು. ನಾನೋ, ಕರ್ತೃಪದವೇ ಇಲ್ಲದ ಒಂದು ವಾಕ್ಯವನ್ನು ಎಷ್ಟೋ ಸಂಜೆ ಕೇಳಿ, ಅದಕ್ಕೊಂದು ಕರ್ತೃಪದವನ್ನು ನಾನೇ ಹಾಕಿಕೊಂಡು ಕೂತಿದ್ದೆ. "ಬಂದವ್ರಾ" ಅಂದಿದ್ದರೆ ತಾತ, "ಬಂದವ್ನಾ" ಅಂದಿದ್ದರೆ ಮಗ. "ಬಂದಿಲ್ವಾ" ಅಂದರೆ ಯಾರೂ ಆಗಬಹುದು. ಹಿತ್ತಿಲಲ್ಲಿ ಅರ ಸದ್ದು ಮಾಡುತ್ತಿದ್ದ ಆ ಮೂರು ತಿಂಗಳೂ ಇವಳು ಹೊತ್ತಿಗೆ ಸರಿಯಾಗಿ ಉಂಡಿದ್ದಳಲ್ಲ! ಅದು ಸಾಕ್ಷ್ಯ ಅಂತ ನನಗೇಕೆ ಹೊಳೆಯಲಿಲ್ಲ?

ಮುದ್ದೆ ಆರುತ್ತಿತ್ತು. ಕೊನೇ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

"ಅಜ್ಜಿ, ಇನ್ನೂ ಬಂದಿಲ್ವಾ, ಬಂದಿಲ್ವಾ ಅಂತ ಇಷ್ಟ್ ದಿನದಿಂದ ಕೇಳ್ತಾ ಇದ್ದೀಯಲ್ಲ... ಯಾರು?"