ಸೇಫ್ಟಿ ಶೂ ಹಾಕಿಕೊಂಡು ಲೈಡನ್ ಸುತ್ತಿದ್ದು

ನಡೆಯುವುದರಲ್ಲಿ ಎಡವಟ್ಟಾಗುವಂಥದ್ದು ಏನಿದೆ? ಒಂದು ಕಾಲು ಎತ್ತಿ ಮುಂದಿಡಬೇಕು, ಆಮೇಲೆ ಇನ್ನೊಂದನ್ನು ಎತ್ತಬೇಕು. ಅದಕ್ಕೆ ಡಿಗ್ರಿ ಬೇಡ, ಇಂಗ್ಲಿಷ್ ಬೇಡ, ವೀಸಾ ಕೂಡ ಬೇಡ. ಹೀಗೆಂದುಕೊಂಡೇ ನಾನು ಒಂದು ಶುಕ್ರವಾರ ದೋಹಾದ ಅಲ್ ಮನ್ಸೂರಾದಲ್ಲಿರುವ ನಮ್ಮ ಫ್ಲ್ಯಾಟಿನಿಂದ ನೆದರ್‌ಲ್ಯಾಂಡ್ಸ್ ದೇಶದ ಲೈಡನ್ ಎಂಬ ಊರಿಗೆ ವಾಕಿಂಗ್ ಹೊರಟೆ.

ಗಾಬರಿಯಾಗಬೇಡಿ. ಈ ದಾರಿ ಮೊದಲು ಕಂಡುಹಿಡಿದವಳು ನನ್ನ ಹೆಂಡತಿ ಕಸ್ತೂರಿ.

ಅವಳಿಗೆ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಬೇಸಿಗೆಯ ದೋಹಾದಲ್ಲಿ ಹೊರಗೆ ನಡೆಯುವುದೆಂದರೆ ತಂದೂರಿನೊಳಗೆ ರೊಟ್ಟಿ ನಡೆದ ಹಾಗೆ. ಮಾಲ್‌ಗಳಲ್ಲಿ ಎಷ್ಟೋ ಜನ ನಡೆಯುತ್ತಾರೆ. ಆದರೆ ರೋಣದ ಕಡೆಯ ಹೆಣ್ಣುಮಗಳಿಗೆ ಏನೂ ಕೊಳ್ಳದೆ ಅಂಗಡಿಗಳ ಮುಂದೆ ಸುಮ್ಮನೆ ಸುತ್ತುವುದು ಸಂಕೋಚ. ಕೊನೆಗೆ ಅವಳು ಟಿವಿಯಲ್ಲೇ ಒಂದು ಉಪಾಯ ಹುಡುಕಿದಳು. ಒಬ್ಬ ಪುಣ್ಯಾತ್ಮ ಕ್ಯಾಮೆರಾ ಹಿಡಿದು ಲೈಡನ್ ಊರಿನ ಕಾಲುವೆಗಳ ಪಕ್ಕ, ಸೇತುವೆಗಳ ಮೇಲೆ, ಊರಾಚೆಯ ಹುಲ್ಲುಗಾವಲಿನಲ್ಲಿ ಸುಮ್ಮನೆ ನಡೆಯುತ್ತಾನೆ. ಮಾತಿಲ್ಲ, ಹಾಡಿಲ್ಲ. ಅವನ ಹೆಜ್ಜೆಯ ಸದ್ದು, ಬಾತುಕೋಳಿಗಳ ಸದ್ದು, ದೂರದಲ್ಲಿ ಎಲ್ಲೋ ಒಂದು ಗಂಟೆ. ಎಲ್ಲವೂ ಸುಲಭದ ದಾರಿಗಳು, ಎಲ್ಲಿಯೂ ಏರಿಲ್ಲ.

ಕಸ್ತೂರಿ ಚಾಪೆಯ ಮೇಲೆ ಬರಿಗಾಲಲ್ಲಿ ನಿಂತು, ನಿಂತಲ್ಲೇ ನಡೆಯುತ್ತಿದ್ದಳು. ನಾನು ಸೋಫಾದ ಮೇಲೆ ಚಹಾ ಕುಡಿಯುತ್ತ ಅವಳ ಜೊತೆ ಪ್ರವಾಸ ಮಾಡುತ್ತಿದ್ದೆ. ಸೇತುವೆ ಬಂದರೆ ಅವಳ ಮೊಣಕಾಲು ಸ್ವಲ್ಪ ಮೇಲೇಳುತ್ತಿತ್ತು. ಎದುರಿನಿಂದ ಸೈಕಲ್ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಅಲ್ಲಿ ಮಳೆ ಬಂದರೆ ಇಲ್ಲಿ ತಲೆಯ ಮೇಲೆ ಸೆರಗು!

"ಆ ಊರಾಗ ಅಂಥಾದ್ದೇನೈತಿ?" ಎಂದು ಕೇಳಿದ್ದೆ ಒಮ್ಮೆ.

"ಏನೈತಿ ಅನ್ನೂದಲ್ರೀ, ಏನಿಲ್ಲ ಅನ್ನೂದು ನೋಡ್ರಿ. ನಿಮ್ಮ ಪೈಪ್ ಇಲ್ಲ."

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್. ಕಟ್ಟಡಗಳಿಗೆ ಕಬ್ಬಿಣದ ಪೈಪಿನ ಸಾರವೆ ಕಟ್ಟಿಸಿ, ಹಸಿರು ಬಲೆ ಹೊದಿಸುವುದು ನನ್ನ ಕೆಲಸ. ದೋಹಾದಿಂದ ದೇಶದ ಉತ್ತರ ತುದಿಯ ಅಲ್ ಶಮಾಲ್‌ವರೆಗೆ ನಾನು ಪೈಪ್ ನಿಲ್ಲಿಸದ ದಿಕ್ಕಿಲ್ಲ. ಕಾರಿನಲ್ಲಿ ಅವಳನ್ನು ಎಲ್ಲಿಗೆ ಕರೆದೊಯ್ದರೂ ನಾನು ಸಮುದ್ರ ತೋರಿಸುತ್ತಿರಲಿಲ್ಲ, "ಅದು ನೋಡು, ನಾವು ಕಟ್ಟಿದ್ದು" ಎಂದು ಸಾರವೆ ತೋರಿಸುತ್ತಿದ್ದೆ. "ಭೂಮಿ ಮ್ಯಾಲೆ ನಿಮ್ಮ ಪೈಪ್ ಇಲ್ಲದ್ದು ಒಂದ ಜಾಗಾ ಸಿಕ್ಕೈತಿ ನನಗ. ನೋಡಾಕ ಬಿಡ್ರಿ" ಎನ್ನುವಳು.

ಕೊನೆಯದಾಗಿ ಅವಳು ಹಿಡಿದದ್ದು ಊರಿನಿಂದ ಹೊರಟು ಹುಲ್ಲುಗಾವಲಿನಲ್ಲಿರುವ ಒಂದು ಗಾಳಿಗಿರಣಿಯವರೆಗಿನ ದಾರಿ. ನಾಲ್ಕು ರೆಕ್ಕೆಯ ಆ ಗಿರಣಿಯನ್ನು ಮೊದಲು ನೋಡಿಬಿಡೋಣವೆಂದು ನಾನು ವಿಡಿಯೋ ಮುಂದಕ್ಕೆ ಎಳೆಯಹೋದರೆ ರಿಮೋಟ್ ಕಸಿದುಕೊಂಡಿದ್ದಳು. "ಎಳದ ನೋಡಿದ್ರ ನಡದಂಗ ಆಗೂದಿಲ್ಲ. ಮೋಸ ಅದು." ಊರಂಚಿನ ಬಿಳಿ ಸೇತುವೆ ತಲುಪಿದಾಗ ಅವಳಿಗೆ ದಣಿವಾಯಿತು. "ಉಳದದ್ದು ನಾಳೆ" ಎಂದು ಟಿವಿ ಆರಿಸಿದಳು.

ಆ ನಾಳೆ ಆಸ್ಪತ್ರೆಯಲ್ಲಿ ಬೆಳಗಾಯಿತು. ಆಮೇಲಿನದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಹೊರಟದ್ದು ನನ್ನ ಎಡವಟ್ಟು, ಅದನ್ನೇ ಬರೆಯುತ್ತೇನೆ.

ಅವಳು ಹೋಗಿ ವರ್ಷ ತುಂಬಿದ ದಿನ ಶುಕ್ರವಾರ ಬಂದಿತ್ತು. ನನಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ರೋಣದಲ್ಲಿ ಮಗಳು, ಅಳಿಯ ಪುಣ್ಯಸ್ಮರಣೆ ಮಾಡಿದರು, ನಾನು ಫೋನಿನಲ್ಲಿ ನೋಡಿದೆ. ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ಮಂಗಳಾರತಿ ಅರ್ಧಕ್ಕೇ ನಿಂತಿತು. ಫೋನ್ ಕೆಳಗಿಟ್ಟ ಮೇಲೆ ಮನೆ ತುಂಬ ಖಾಲಿ ಅನ್ನಿಸಿತು. ನನ್ನ ಪಾಲಿಗೆ ಮಾಡಲು ಏನೂ ಉಳಿದಿರಲಿಲ್ಲ, ಅವಳ ಆ ಅರ್ಧ ದಾರಿಯೊಂದನ್ನು ಬಿಟ್ಟು. ಇವತ್ತು ಸೂರ್ಯ ಮುಳುಗುವುದರೊಳಗೆ ಅವಳ ಪರವಾಗಿ ಗಾಳಿಗಿರಣಿ ತಲುಪತಕ್ಕದ್ದು, ಒಂದು ಹೆಜ್ಜೆಯನ್ನೂ ಎಳೆಯದೆ ತಲುಪತಕ್ಕದ್ದು ಎಂದು ಏಕಸದಸ್ಯ ಸಭೆಯಲ್ಲಿ ನಿರ್ಣಯ ಅಂಗೀಕರಿಸಿದೆ.

ನಡಿಗೆಗೆ ಒಳ್ಳೆಯ ಶೂ ಬೇಕು. ನನ್ನಲ್ಲಿದ್ದದ್ದು ಒಂದೇ ಜೊತೆ, ಸೈಟಿನಲ್ಲಿ ಹಾಕುವ ಸೇಫ್ಟಿ ಶೂ. ಬೆರಳಿನ ಭಾಗಕ್ಕೆ ಉಕ್ಕಿನ ಟೋಪಿ ಇರುವ, ಪೈಪ್ ಬಿದ್ದರೂ ಜಗ್ಗದ ಶೂ. ಅದನ್ನು ಬಿಗಿದುಕೊಂಡು ಟಿವಿಯ ಮುಂದೆ ನಿಂತು ಲೈಡನ್ನಿನ ಬಿಳಿ ಸೇತುವೆಯ ಮೇಲೆ ಬಲಗಾಲಿಟ್ಟೆ.

ಸೇತುವೆ ದಾಟುವ ಮೊದಲೇ ಬಾಗಿಲು ಬಡಿದ ಸದ್ದು!

ಕೆಳಗಿನ ಫ್ಲ್ಯಾಟಿನ ಲೀನಾ ಅವರು. ಉಡುಪಿ ಕಡೆಯವರು. ಅವರ ಗಂಡ ವಾಲ್ಟರ್ ಯಾವುದೋ ಆಫೀಸಿನಲ್ಲಿ ಅಕೌಂಟೆಂಟ್.

"ಎಂತ ಮಾರಾಯ್ರೆ ಅಣ್ಣ! ಮೇಲೆ ಭತ್ತ ಕುಟ್ತೀರಾ? ನಮ್ಮ ಫ್ಯಾನ್ ಅಲ್ಲಾಡ್ತಾ ಉಂಟು!"

"ಇಲ್ರೀ... ವಾಕಿಂಗ್ ಮಾಡಾಕತ್ತಿದ್ದೆ."

"ವಾಕಿಂಗಾ? ಎಲ್ಲಿ?"

"ಲೈಡನ್ನಿನ್ಯಾಗ್ರೀ."

ಅವರು ನನ್ನ ಮುಖ ನೋಡಿದರು, ಶೂ ನೋಡಿದರು, ಟಿವಿಯ ಪರದೆ ನೋಡಿದರು. ಗೋಡೆಯ ಮೇಲೆ ಹೊಸ ಹಾರ ಹಾಕಿದ್ದ ಫೋಟೋವನ್ನೂ ನೋಡಿದರು. ದನಿ ಇಳಿಯಿತು. "ಕಸ್ತೂರಕ್ಕ ಇಷ್ಟು ವರ್ಷ ನಮ್ಮ ತಲೆ ಮೇಲೆ ನಡೆದದ್ದು ನಮಗೆ ಗೊತ್ತೇ ಆಗ್ಲಿಲ್ಲ ನೋಡಿ. ಹವೆ ಚೆಂದ ಉಂಟು ಅಣ್ಣ, ಇವತ್ತು ಹೊರಗೇ ಹೋಗಿ. ವಾಲ್ಟರ್ ಊಟ ಮುಗಿಸಿ ಮಲಗಿದ್ದಾರೆ."

ಒಳ್ಳೆಯ ಸಲಹೆಯೇ. ಜನವರಿ ತಿಂಗಳ ದೋಹಾ, ಸಂಜೆಯ ತಂಗಾಳಿ. ವಿಡಿಯೋವನ್ನು ಫೋನಿಗೆ ಹಾಕಿಕೊಂಡೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ನನ್ನ ಯೋಜನೆ ಅತ್ಯಂತ ಸರಳ. ಕ್ಯಾಮೆರಾದವನು ಎಡಕ್ಕೆ ತಿರುಗಿದರೆ ನಾನು ಎಡಕ್ಕೆ, ಅವನು ಬಲಕ್ಕೆ ತಿರುಗಿದರೆ ನಾನು ಬಲಕ್ಕೆ. ಇಷ್ಟು ಸುಲಭದ ದಾರಿಯಲ್ಲಿ ದಾರಿ ತಪ್ಪುವುದಾದರೂ ಹೇಗೆ?

ಮೊದಮೊದಲು ಎಲ್ಲ ಬಹಳ ಚೆನ್ನಾಗಿತ್ತು. ಮನಿ ಎಕ್ಸ್‌ಚೇಂಜ್‌ಗಳ ಸಾಲು ಮುಗಿಯುವಾಗ ಕಿವಿಯಲ್ಲಿ ನೀರು ಹರಿಯತೊಡಗಿತು. ದೋಸೆಯ ವಾಸನೆಯ ನಡುವೆ ಬಾತುಕೋಳಿಗಳು ಕೂಗಿದವು. ಅವನು ಸೇತುವೆ ಹತ್ತಿದ, ನಾನು ಫುಟ್‌ಪಾತ್ ಹತ್ತಿದೆ. ಅಲ್ಲಿ ಸೈಕಲ್ ಬಂತು, ಇಲ್ಲಿ ಊಟ ಹಂಚುವವನ ಬೈಕು ಬಂತು, ನಾನು ಸರಿದು ದಾರಿ ಬಿಟ್ಟೆ. ದೊಡ್ಡ ರಸ್ತೆ ದಾಟಿದ ಮೇಲೆ ವಿಲ್ಲಾಗಳ ಓಣಿಗಳು. ಮರಳು ಬಣ್ಣದ ಉದ್ದುದ್ದ ಕಾಂಪೌಂಡ್ ಗೋಡೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಕಣ್ಣು ಅರೆ ಮುಚ್ಚಿದರೆ ಅದು ನೀರಿನ ಹಾಗೇ ಇತ್ತು. ಪಕ್ಕದಲ್ಲಿ ಯಾರೋ ಬರಿಗಾಲಲ್ಲಿ, ಸದ್ದಿಲ್ಲದೆ, ನನಗಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿದ್ದ ಹಾಗೆಯೂ ಇತ್ತು. ನಾನು ಆ ಕಡೆ ತಿರುಗಲಿಲ್ಲ. ತಿರುಗಿದರೆ ಇರುವುದಿಲ್ಲ ಎಂದು ಗೊತ್ತಿತ್ತು.

ವಿಡಿಯೋದಲ್ಲಿ ಹುಲ್ಲುಗಾವಲು ಬಂತು. ಕಪ್ಪು ಬಿಳುಪಿನ ದನಗಳು ಸಾಲಾಗಿ ಮಲಗಿದ್ದವು. ನನ್ನ ಮುಂದೆಯೂ ದೊಡ್ಡ ದೊಡ್ಡ ಬಿಳಿ ಲ್ಯಾಂಡ್ ಕ್ರೂಸರ್‌ಗಳು ಸಾಲಾಗಿ ನಿಂತಿದ್ದವು. ಅವನು ದನಗಳ ನಡುವೆ ನುಸುಳಿದ, ನಾನು ಕಾರುಗಳ ನಡುವೆ ನುಸುಳಿದೆ. ಅವನು ಒಂದು ಮರದ ಗೇಟು ತಳ್ಳಿ ಒಳಗೆ ಹೋದ. ನಾನೂ ಒಂದು ಗೇಟು ತಳ್ಳಿದೆ.

ತಲೆ ಎತ್ತಿದರೆ ದೊಡ್ಡ ಡೇರೆ. ಒಳಗೆ ಕಾರ್ಪೆಟ್ಟು. ಸುತ್ತಲೂ ಕುರ್ಚಿಗಳಲ್ಲಿ ಥೋಬ್ ಎಂಬ ಬಿಳಿ ನಿಲುವಂಗಿ ತೊಟ್ಟ ಗಂಡಸರು, ಎಲ್ಲರ ಕಣ್ಣೂ ನನ್ನ ಶೂಗಳ ಮೇಲೆ. ಬಾಗಿಲಲ್ಲಿದ್ದ ಯುವಕ ಎದೆಯ ಮೇಲೆ ಕೈಯಿಟ್ಟು "ತಫದ್ದಲ್" ಎಂದು ಒಳಗೆ ಕರೆದ.

ಡೇರೆ, ಕಾರುಗಳು, ಖರ್ಜೂರ, ಕಾಫಿ. ನನ್ನ ತಲೆ ಲೆಕ್ಕ ಹಾಕಿತು: ಮದುವೆ! ಇಷ್ಟು ವರ್ಷ ಈ ದೇಶದಲ್ಲಿದ್ದರೂ ನಾನು ಇವರ ಮನೆಗಳನ್ನು ನೋಡಿದ್ದು ಹೊರಗಿನಿಂದ, ಸಾರವೆಯ ಮೇಲಿನಿಂದ ಮಾತ್ರ. ಮದುವೆಮನೆಗೆ ಬಂದು ಹರಸದೆ ಹೋಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಸಾಲಿನ ಮೊದಲಿಗಿದ್ದ ನರೆಗಡ್ಡದ ಹಿರಿಯರ ಎರಡೂ ಕೈ ಹಿಡಿದು, ನನಗೆ ಬರುವ ಶುದ್ಧ ಅರಬ್ಬಿಯಲ್ಲಿ, ಡೇರೆಗೆಲ್ಲ ಕೇಳುವ ಹಾಗೆ ಹೇಳಿದೆ:

"ಮಬ್ರೂಕ್! ಅಲ್ಫ್ ಮಬ್ರೂಕ್!" ಶುಭಾಶಯ, ಸಾವಿರ ಶುಭಾಶಯ!

ಬಾಯಿಗೆ ಹೋಗುತ್ತಿದ್ದ ಕಾಫಿ ಬಟ್ಟಲುಗಳು ಅರ್ಧಕ್ಕೇ ನಿಂತವು.

ಕಾಫಿ ಹೂಜಿ ಹಿಡಿದಿದ್ದ ಮಲಯಾಳಿ ನನ್ನ ಕಿವಿಯ ಹತ್ತಿರ ಬಗ್ಗಿ ಹಿಂದಿಯಲ್ಲಿ ಉಸುರಿದ. "ಭಾಯ್ ಸಾಬ್, ಇದು ಮದುವೆಯಲ್ಲ. ಇವರ ತಾಯಿ ತೀರಿಕೊಂಡಿದ್ದಾರೆ."

ಸಾವಿನ ಮನೆಗೆ ಬಂದು ಸಾವಿರ ಶುಭಾಶಯ ಹೇಳಿದ ಮಹಾನುಭಾವ, ನಾನು! ಭೂಮಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ನನ್ನ ಫೋನು. ಗಡಿಬಿಡಿಯಲ್ಲಿ ಇಯರ್‌ಫೋನಿನ ವಯರು ಕಿತ್ತು ಬಂದು, ಆ ನಿಶ್ಶಬ್ದದೊಳಗೆ ಲೈಡನ್ನಿನ ಸಮಸ್ತ ಬಾತುಕೋಳಿಗಳು ನನ್ನ ಜೇಬಿನಿಂದ ಕೂಗತೊಡಗಿದವು. ಕ್ವ್ಯಾಕ್! ಕ್ವ್ಯಾಕ್! ಕ್ವ್ಯಾಕ್!

ಫೋನ್ ಹೊರಗೆ ತೆಗೆದು ಹೇಗೋ ಬಾತುಕೋಳಿಗಳ ಬಾಯಿ ಮುಚ್ಚಿದೆ. ಹಿರಿಯರು ಕೈ ಬಿಟ್ಟಿರಲಿಲ್ಲ. ಕೋಪವೂ ಮಾಡಲಿಲ್ಲ. ನೀನು ಯಾರು, ಏನಾಯಿತು ಎನ್ನುವಂತೆ ನೋಡಿದರು. ಸತ್ಯ ಹೇಳಬೇಕಿತ್ತು. ಪುಣ್ಯಸ್ಮರಣೆ, ಚಾಪೆ, ಅರ್ಧ ದಾರಿ, ಇವಕ್ಕೆಲ್ಲ ನನ್ನ ಅರಬ್ಬಿಯಲ್ಲಿ ಪದಗಳಿರಲಿಲ್ಲ. ಫೋನಿನಲ್ಲಿದ್ದ ಅವಳ ಫೋಟೋ ತೋರಿಸಿದೆ.

"ಮದಾಮ್," ಎಂದೆ. "ಮದಾಮ್ ಖಲಾಸ್."

ಡೀಸೆಲ್ ಮುಗಿದರೆ ನಾವು ಖಲಾಸ್ ಎನ್ನುತ್ತೇವೆ. ಪೈಪ್ ಮುಗಿದರೆ, ಕ್ಯಾಂಟೀನಿನಲ್ಲಿ ಸಾಂಬಾರು ಮುಗಿದರೆ ಖಲಾಸ್. ಅದೇ ಮಾತು ಬಾಯಿಂದ ಬಂದ ಮೇಲೆ, ವರ್ಷವಿಡೀ ಗಟ್ಟಿಯಾಗಿದ್ದ ನಾನು ಆ ಅಪರಿಚಿತರ ಡೇರೆಯಲ್ಲಿ ನಿಂತು ಅತ್ತುಬಿಟ್ಟೆ. ಸೇಫ್ಟಿ ಶೂ ಹಾಕಿಕೊಂಡು ಅಳುವವನನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ.

ಹಿರಿಯರು ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಹೊಸದಾಗಿ ಬಂದವರೆಲ್ಲ ಹಿರಿಯರ ಕೈ ಕುಲುಕಿ, ಅವರ ಪಕ್ಕದಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನೂ ಮನೆಯವನೇ ಎಂದುಕೊಂಡು ನನ್ನ ಕೈಯನ್ನೂ ಕುಲುಕಿ ಸಮಾಧಾನದ ಮಾತು ಹೇಳಿ ಮುಂದೆ ಹೋಗತೊಡಗಿದರು! ಒಬ್ಬರು ಹೆಗಲು ತಟ್ಟಿದರು, ಒಬ್ಬರು ಇಲ್ಲಿನವರ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿದರು. ಅವರ ಮಾತು ಒಂದೂ ತಿಳಿಯಲಿಲ್ಲ. ಬೇಡವೂ ಆಗಿರಲಿಲ್ಲ.

ಕಾಫಿಯದು ಮಾತ್ರ ಬೇರೆಯೇ ಕಥೆ. ಚಿಕ್ಕ ಬಟ್ಟಲು, ಏಲಕ್ಕಿ ಘಮ, ಸಕ್ಕರೆಯಿಲ್ಲ. ಕೊಟ್ಟದ್ದನ್ನು ಬಿಡಬಾರದೆಂದು ಕುಡಿದೆ. ಹೂಜಿಯವನು ಮತ್ತೆ ಸುರಿದ. ಮತ್ತೆ ಕುಡಿದೆ. ಮತ್ತೆ ಸುರಿದ! ನನ್ನ ಎದೆ ಡೀಸೆಲ್ ಜನರೇಟರಿನಂತೆ ಬಡಿದುಕೊಳ್ಳತೊಡಗಿದಾಗ ಆ ಮಲಯಾಳಿಗೇ ಕನಿಕರ ಬಂತು. "ಭಾಯ್ ಸಾಬ್, ಸಾಕು ಅನ್ನೋದಕ್ಕೆ ಬಟ್ಟಲು ಅಲ್ಲಾಡಿಸಬೇಕು!"

ಮೊದಲೇ ಹೇಳಬಾರದಿತ್ತೇ? ಕೃತಜ್ಞತೆಯಿಂದ ಬಟ್ಟಲನ್ನು ಜೋರಾಗಿ ಅಲ್ಲಾಡಿಸಿದೆ. ಖಾಲಿಯಾದ ಮೇಲೆ ಅಲ್ಲಾಡಿಸಬೇಕೆಂದು ಅವನು ಹೇಳಿರಲಿಲ್ಲ. ಹಿರಿಯರ ಶುಭ್ರ ಬಿಳಿ ಥೋಬಿನ ಮೇಲೆ ಹಳದಿ ಕಾಫಿ ಹೊಳೆಯಾಗಿ ಹರಿಯಿತು. ಅವರು ಕೆಳಗೆ ನೋಡಿಕೊಂಡರು. ನನ್ನನ್ನು ನೋಡಿದರು. ಆ ದಿನ ಮೊದಲ ಸಲವೇನೋ, ಅವರ ಗಡ್ಡದೊಳಗೆ ನಗು ಕಾಣಿಸಿತು.

ಹೊರಟು ನಿಂತಾಗ ನಡೆದು ಹೋಗುತ್ತೇನೆ ಎಂದು ಬೆರಳುಗಳಿಂದ ಕಾಲು ಮಾಡಿ ತೋರಿಸಿದೆ. ಅವರು ಕೇಳಲೇ ಇಲ್ಲ. "ಯಲ್ಲಾ", ಹತ್ತು ಹತ್ತು, ಎಂದು ಲ್ಯಾಂಡ್ ಕ್ರೂಸರಿನಲ್ಲಿ ಕೂರಿಸಿ, ತೊಡೆಯ ಮೇಲೆ ಬಿಸಿಬಿಸಿ ಕುರಿಮಾಂಸದ ಅನ್ನದ ದೊಡ್ಡ ಟ್ರೇ ಇಟ್ಟು ಕಳಿಸಿದರು. ಅವಳ ಪುಣ್ಯಸ್ಮರಣೆಯ ದಿನ, ಮೊಟ್ಟೆಯನ್ನೂ ಮುಟ್ಟದ ಲಿಂಗಾಯತ ನಾನು, ಲೈಡನ್ ದಾರಿಯಿಂದ ಹೀಗೆ ವಾಪಸಾದೆ!

ಟ್ರೇ ಒಯ್ದು ಲೀನಾ ಅವರಿಗೆ ಕೊಟ್ಟು, ನಡೆದದ್ದೆಲ್ಲ ಹೇಳಿದೆ. ಅವರು ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು.

"ಗಿರಣಿ ಸಿಕ್ಕಿತಾ ಅಣ್ಣ?"

"ಎಲ್ಲೀದ್ರೀ. ವಿಡಿಯೋ ಆ ಗೇಟಿನ್ಯಾಗ ನಿಂತೈತಿ. ಹೊತ್ತು ಮುಳುಗಾಕ ಬಂತು."

"ಶೂ ತೆಗೀರಿ. ನಮ್ಮ ಕೆಳಗೆ ಬರೀ ಪಾರ್ಕಿಂಗ್, ಬೈಲಿಕ್ಕೆ ಯಾರೂ ಇಲ್ಲ. ಇಲ್ಲಿಯೇ ನಡೆಯುವ. ವಾಲ್ಟರ್, ಏಳಿ! ಟಿವಿಗೆ ಜಾಗ ಬಿಡಿ!"

ಹಾಗೆ, ಉಡುಪಿಯವರ ಹಾಲ್‌ನಲ್ಲಿ, ಬರಿಗಾಲಲ್ಲಿ, ವಿಡಿಯೋದಲ್ಲಿ ಬಾತುಕೋಳಿಗಳನ್ನು ಹುಡುಕಿ ಹಿಂದಕ್ಕೆ ಹೋಗಿ, ಆ ಮರದ ಗೇಟಿನಿಂದ ಮತ್ತೆ ಹೊರಟೆವು. ಲೀನಾ ನನ್ನ ಪಕ್ಕ ನಡೆದರು. ವಾಲ್ಟರ್ ಸೋಫಾದ ಮೇಲೆ, ನನ್ನ ಹಳೆಯ ಜಾಗದಲ್ಲಿ. ಕಿಟಕಿಯ ಹೊರಗೆ ದೋಹಾದ ಆಕಾಶ ಕೆಂಪಾಗುತ್ತಿತ್ತು. ಒಳಗೆ ಹುಲ್ಲು, ನೀರು, ಮಂಜು. ನಮ್ಮ ಕಾಲುಗಳಿಂದ ಸದ್ದು ಬರಲಿಲ್ಲ.

ದಾರಿ ಕೊನೆಯ ಸಲ ಎಡಕ್ಕೆ ತಿರುಗಿತು. ಗಾಳಿಗಿರಣಿ ಬಂತು.

ರೆಕ್ಕೆಗಳಿರಲಿಲ್ಲ. ದುರಸ್ತಿಗೆಂದು ಬಿಚ್ಚಿದ್ದರು. ಗಿರಣಿಯನ್ನೂ ಸರಿಯಾಗಿ ಕಾಣುವಂತಿರಲಿಲ್ಲ. ಬುಡದಿಂದ ತುದಿಯವರೆಗೆ ಕಬ್ಬಿಣದ ಪೈಪಿನ ಸಾರವೆ!

"ಎಂತ ಮಾರಾಯ್ರೆ!" ಎಂದರು ಲೀನಾ. "ಇದನ್ನು ನೋಡ್ಲಿಕ್ಕಾ ಇಷ್ಟು ನಡೆದದ್ದು?"

ನಾನು ಪರದೆಯ ಹತ್ತಿರ ಹೋಗಿ ಕ್ಲ್ಯಾಂಪುಗಳನ್ನು ನೋಡಿದೆ. ಕೆಲಸ ಚೊಕ್ಕಟವಾಗಿತ್ತು, ಸುಳ್ಳು ಹೇಳಬಾರದು. ಕಸ್ತೂರಿ ಪಾಪ, ನನ್ನಿಂದ ತಪ್ಪಿಸಿಕೊಳ್ಳಲೆಂದೇ ಚಾಪೆಯ ಮೇಲೆ ಅಷ್ಟು ದೂರ ನಡೆದಿದ್ದಳು. ನಾನು ಅವಳಿಗಿಂತ ಮೊದಲೇ ಹೋಗಿ ನಿಂತಿದ್ದೆ, ಹಸಿರು ಬಲೆ ಹೊದ್ದುಕೊಂಡು!