ಬಸವೇಶನ ಅಂಗಳಕ್ಕೆ ಬಂದ ಸಮುದ್ರ

ಬೆಳಗ್ಗೆ ಎಂಟಕ್ಕೆ ಚಿಕ್ಕಜಾಜೂರಿನ ಒಂದು ಬೀದಿಯ ಇಂಟರ್‌ನೆಟ್ ನಿಂತುಹೋಯಿತು. ಆ ಬೀದಿಗೆಲ್ಲ ಕೇಬಲ್ ಹೂತು ಸಂಪರ್ಕ ಕೊಟ್ಟವನು ಬಸವೇಶ. ಇವತ್ತು ಮಾತ್ರ ಅವನಿಗೆ ಅದನ್ನು ನೋಡುವಷ್ಟು ಪುರುಸೊತ್ತಿರಲಿಲ್ಲ. ಹೊಸದುರ್ಗದ ಮುರುಗೇಶಪ್ಪ ಹನ್ನೊಂದಕ್ಕೆ ಗಂಡಿನ ಮನೆ ನೋಡಲು ಬರುವವರಿದ್ದರು. ಅವರ ಮಗಳು ಕಾವ್ಯಳನ್ನು ಬಸವೇಶ ಹೋದ ವಾರವೇ ಮೆಚ್ಚಿ ಬಂದಿದ್ದ. ಮೂವತ್ತಾರು ತುಂಬಿದವನಿಗೆ ಇದು ಹದಿನಾಲ್ಕನೆಯ ಸಂಬಂಧ. ಬೀಗರಿಗೆ ನೆರಳಿರಲೆಂದು ಎದ್ದವನೇ ಹಾರೆ ಹಿಡಿದು ಗುಂಡಿ ತೋಡಿ, ಅಂಗಳದಲ್ಲಿ ಶಾಮಿಯಾನ ನಿಲ್ಲಿಸಿದ್ದ.

ಪಕ್ಕದ ಮನೆಯ ದ್ಯಾಮಮ್ಮ ಬಂದರು. ಅವರ ಬೆನ್ನಿಗೇ ಬೀದಿಯೂ ಬಂತು.

"ನನ್ನ ಧಾರಾವಾಹಿ ಅರ್ಧಕ್ಕೇ ನಿಂತೈತೆ. ಹೆಂಗಾರ ಮಾಡಪ್ಪ."

"ನಾನೇನ್ ಮಾಡ್ಲಮ್ಮ? ಸಮುದ್ರದಾಗೆ ಕೇಬಲ್ ಕಟ್ಟಾಗೈತಂತೆ. ಪೇಪರ್‌ನಾಗೇ ಬಂದೈತೆ, ನೋಡ್ರಿ."

ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಗುಡ್ಡಪ್ಪ ಪೇಪರನ್ನು ಪೂರ್ತಿ ಓದಿದರು. "ಏನಪ್ಪ, ಬೀರೂರತ್ರ ಹಳಿ ಕೆಟ್ರೆ ರೈಲು ದುರ್ಗದ ಮ್ಯಾಲೆ ಸುತ್ತಾಕ್ಕಂಡು ಹೋಗ್ತೈತೆ. ನೆಟ್ಟೂ ಹಂಗೇ, ಬ್ಯಾರೆ ಕೇಬಲ್‌ನಾಗೆ ತಡವಾಗಿ ಬರ್ತೈತೆ ಅಂತ ಇಲ್ಲೇ ಬರ್ದವ್ರೆ. ನಮ್ದು ಪೂರ್ತಿ ಸತ್ತೈತೆ ಅಂದ್ರೆ ತೊಂದ್ರೆ ಇಲ್ಲೇ ಎಲ್ಲೋ ಐತೆ."

ಬಸವೇಶನಿಗೆ ಮೈಯೆಲ್ಲ ಉರಿಯಿತು. ಬೀಗರ ಎದುರು ಈ ಪಂಚಾಯಿತಿ ನಡೆದರೆ ಮಾನ ಉಳಿಯುವುದಿಲ್ಲ. "ನನ್ನ ಮೊಬೈಲಿಂದ ಹಾಟ್‌ಸ್ಪಾಟ್ ಹಾಕ್ತೀನಿ. ಯಾರೂ ತುಟಿ ಬಿಚ್ಚಬಾರ್ದು" ಎಂದ.

ಬೀದಿಯವರು ಮಾತು ಉಳಿಸಿಕೊಂಡರು. ಬೀಗರಿಗೆಂದು ತಂದ ಕುರ್ಚಿಗಳಲ್ಲಿ ತಲೆ ತಗ್ಗಿಸಿ, ಮೊಬೈಲ್ ಹಿಡಿದು ಕುಳಿತರು. ಧಾರಾವಾಹಿಯ ಸೊಸೆಯ ಕಷ್ಟಕ್ಕೆ ದ್ಯಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಸವೇಶ ನೆಮ್ಮದಿಯಾಗಿ ಒಳಗೆ ಮಂಡಕ್ಕಿಗೆ ಒಗ್ಗರಣೆ ಹಾಕಿದ.

ಮಧ್ಯಾಹ್ನ ಒಂದು ಗಂಟೆಯಾದರೂ ಬೀಗರ ಸುಳಿವಿಲ್ಲ. ತಾನೇ ಫೋನ್ ಮಾಡಿದ.

"ಬಂದಿದ್ವಿ ಕಣಪ್ಪ" ಎಂದರು ಮುರುಗೇಶಪ್ಪ, ತೀರ ಮೆಲ್ಲಗೆ. "ಕಾರಿಂದ್ಲೇ ನೋಡಿದ್ವಿ. ಶಾಮಿಯಾನ ಹಾಕೈತೆ, ಜನ ತಲೆ ಬಗ್ಗಿಸ್ಕಂಡು ಕುಂತವ್ರೆ, ಒಬ್ಬ ಯಮ್ಮ ಅಳ್ತಾ ಐತೆ. ಒಳ್ಳೆ ಕೆಲ್ಸಕ್ಕೆ ಹೊಂಟೋರು ಸಾವಿನ ಮನೆಗೆ ಹೆಂಗ್ ಬರಾದು? ಹೊಳಲ್ಕೆರೇಲಿ ಇನ್ನೊಂದು ಗಂಡಿನ ಮನೆ ನೋಡಾದಿತ್ತು, ಅತ್ಲಾಗೆ ತಿರುಗಿಸ್ಕಂಡ್ವಿ. ತಾಂಬೂಲಾನೂ ಆತು." ಮತ್ತೆ ಕೇಳಿದರು: "ಅಂದಂಗೆ, ಹೋದೋರು ಯಾರಪ್ಪ?"

ಬಸವೇಶ ಫೋನ್ ಕಟ್ ಮಾಡಿದ. ಹೊರಗೆ ಬಂದು, ಜನರನ್ನು ಎಬ್ಬಿಸಿ ಶಾಮಿಯಾನದ ಕಂಬ ಕಿತ್ತ. ಮಣ್ಣಿನ ಜೊತೆ, ತುಂಡಾದ ಕೇಬಲಿನ ಎರಡು ತುದಿಗಳೂ ಮೇಲೆ ಬಂದವು.

ಗುಡ್ಡಪ್ಪ ಗುಂಡಿಯೊಳಗೆ ಬಗ್ಗಿ ನೋಡಿದರು.

"ನಿನ್ನ ಸಮುದ್ರ ಇಲ್ಲೇ ಐತಲ್ಲಪ್ಪ."